ಹೆಸರಿಲ್ಲದ ಎಂಸಿಬಿಗಳಿಗೆ ಹೆಸರು ಬರೆದದ್ದು

ನಮ್ಮ ಶಿವಮೊಗ್ಗದ ಮನೆಗೆಲ್ಲ ಕರೆಂಟ್ ಹಂಚುವ ಡಿಬಿ ಬಾಕ್ಸ್ ಮೆಟ್ಟಿಲ ಕೆಳಗಿದೆ. ಮೂರು ಫೇಸ್‌ನ ಬಾಕ್ಸ್. ಒಂದೊಂದು ಫೇಸ್‌ಗೆ ನಾಲ್ಕರಂತೆ ಹನ್ನೆರಡು ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನಾಗಿ ಬೀಳುವ ಸ್ವಿಚ್), ಅವುಗಳಿಗೆಲ್ಲ ಮುಂದೆ 30 ಮಿಲಿಆಂಪ್‌ನ ಒಂದೇ ಆರ್‌ಸಿಸಿಬಿ (ಹೋದ ಕರೆಂಟ್ ಪೂರ್ತಿ ವಾಪಸು ಬರದೆ ನೆಲಕ್ಕೆ ಸೋರಿದರೆ ಬೀಳುವ ಸ್ವಿಚ್). ಯಾವ ಎಂಸಿಬಿ ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ಇದ್ದ ದಾಖಲೆ ಎಂದರೆ ಪೆನ್ಸಿಲಿನಲ್ಲಿ ಬರೆದ ಎರಡು ಪದ: 'ಕಿಚನ್' ಮತ್ತು 'ಪಂಪ್'. ಕಿಚನ್ ಎಂದಿದ್ದನ್ನು ಆಫ್ ಮಾಡಿದರೆ ಅಡುಗೆಮನೆಯ ಮಿಕ್ಸಿ ತಿರುಗುತ್ತಲೇ ಇರುತ್ತಿತ್ತು, ಆರುತ್ತಿದ್ದದ್ದು ದೇವರ ಮನೆಯ ದೀಪ. ಮಹಡಿ ಕಟ್ಟಿಸಿದಾಗ ಅಡುಗೆಮನೆ ಹಿತ್ತಲ ಕಡೆಗೆ ಹೋಯಿತು, ಹಳೆಯ ಅಡುಗೆಮನೆ ದೇವರ ಮನೆಯಾಯಿತು, ಪೆನ್ಸಿಲಿನ ಅಕ್ಷರ ಮಾತ್ರ ಇದ್ದಲ್ಲೇ ಉಳಿಯಿತು.

ಈ ಕೆಲಸಕ್ಕೆ ಕೈ ಹಾಕಲು ಮೂರು ಕಾರಣಗಳಿದ್ದವು. ಮಹಡಿಯ ಗೀಸರ್ ಸೋರುತ್ತಿತ್ತು, ಬದಲಿಸಬೇಕಿತ್ತು; ಬದಲಿಸುವವರಿಗೆ ಯಾವ ಎಂಸಿಬಿ ಆಫ್ ಮಾಡಬೇಕೆಂದು ಹೇಳುವಂತಿರಲಿಲ್ಲ. ಎರಡನೆಯದು, ಕೆಲವು ದಿನ ಬೆಳಿಗ್ಗೆ ಒಂದು ಎಂಸಿಬಿ ತಾನಾಗಿ ಕೆಳಗೆ ಬೀಳುತ್ತಿತ್ತು, ಕೆಲವು ದಿನ ಬೀಳುತ್ತಿರಲಿಲ್ಲ. ಮೂರನೆಯದೇ ಹೆಚ್ಚು ಕಾಡಿದ್ದು. ಜಡಿಮಳೆ ಹಿಡಿದ ಸಂಜೆಗಳಲ್ಲಿ ಆರ್‌ಸಿಸಿಬಿ ಟ್ರಿಪ್ ಆಗಿ ಇಡೀ ಮನೆ ಕತ್ತಲಾಗುತ್ತಿತ್ತು. ಪ್ರತಿ ಸಲವೂ ಯಾರಾದರೊಬ್ಬರು 'ಆ ಆರ್‌ಸಿಸಿಬಿಯನ್ನೇ ತೆಗೆದುಹಾಕಿ' ಎಂದು ಸಲಹೆ ಕೊಡುತ್ತಿದ್ದರು. ಆ ಸಲಹೆಯನ್ನು ಯಾರೂ ಕೇಳಬೇಡಿ. ಮಳೆಯಲ್ಲಿ ಟ್ರಿಪ್ ಆಗುತ್ತಿದೆ ಎಂದರೆ ಎಲ್ಲೋ ಕರೆಂಟ್ ನೆಲಕ್ಕೆ ಸೋರುತ್ತಿದೆ ಎಂದೇ ಅರ್ಥ. ಅದನ್ನು ಹೇಳುತ್ತಿರುವ ಒಂದೇ ಸಾಧನದ ಬಾಯಿ ಮುಚ್ಚಿಸಿದರೆ ಮುಂದಿನ ಸಲ ಅದನ್ನು ಕಂಡುಹಿಡಿಯುವುದು ಒದ್ದೆ ಕೈಯಾಗಿರುತ್ತದೆ.

ಎಂಸಿಬಿ ಹುಡುಕುವ ಹಳೆಯ ಪದ್ಧತಿ ಎಲ್ಲರಿಗೂ ಗೊತ್ತು. ಒಬ್ಬರು ಡಿಬಿ ಮುಂದೆ ನಿಂತು ಒಂದೊಂದೇ ಆಫ್ ಮಾಡುವುದು, ಇನ್ನೊಬ್ಬರು ಮಹಡಿಯಿಂದ 'ಹೋಯಿತು', 'ಇಲ್ಲ, ಇದೆ' ಎಂದು ಕೂಗುವುದು. ಸಣ್ಣ ಮನೆಗೆ ಅದು ಸಾಕು. ಯುಪಿಎಸ್ ಇರುವ ಮನೆಯಲ್ಲಿ ಮಾತ್ರ ಆ ಕೂಗು ಸುಳ್ಳು ಹೇಳುತ್ತದೆ. ಅದು ಹೇಗೆಂದು ಮುಂದೆ ಬರೆಯುತ್ತೇನೆ. ಅದಕ್ಕಾಗಿಯೇ ಎಂಸಿಬಿ ಪತ್ತೆ ಮಾಡುವ ಕೈ ಉಪಕರಣವೊಂದನ್ನು ತಂದೆ. ಜೊತೆಗೆ ತಂತಿಯ ಜಾಡು ಹಿಡಿಯುವ ಟೋನ್ ಜನರೇಟರ್ ಮತ್ತು ಪ್ರೋಬ್, ತಂತಿಯನ್ನು ಸುತ್ತ ಹಿಡಿದು ಅದರಲ್ಲಿ ಹರಿಯುವ ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್, ಮತ್ತು ಹೋಲ್ಡರಿಗೆ ಎರಡು ತಂತಿ ಕಟ್ಟಿ 60 ವ್ಯಾಟ್ ಬಲ್ಬ್ ಹಾಕಿದ ಟೆಸ್ಟ್ ಲ್ಯಾಂಪ್. ಡಿಬಿಯ ಒಳಕವರ್ ತೆಗೆಯುವ ಕೆಲಸಕ್ಕೆಲ್ಲ ನಮಗೆ ಪರಿಚಯದ, ಲೈಸೆನ್ಸ್ ಇರುವ ಹಿರಿಯ ವೈರ್‌ಮನ್ ಒಬ್ಬರು ಬಂದರು. ಮುಖ್ಯ ತಂತಿಗಳಲ್ಲಿ ಯಾವಾಗಲೂ ಕರೆಂಟ್ ಇರುತ್ತದೆ. ಆ ಕವರಿನ ಹಿಂದೆ ಅಭ್ಯಾಸವಿಲ್ಲದ ಕೈ ಹೋಗಬಾರದು.

ಪತ್ತೆ ಉಪಕರಣದಲ್ಲಿ ಎರಡು ಭಾಗಗಳು. ಟ್ರಾನ್ಸ್‌ಮಿಟರ್ ಸಾಕೆಟ್ಟಿಗೆ ಹೋಗುತ್ತದೆ, ರಿಸೀವರ್ ಕೈಯಲ್ಲಿರುತ್ತದೆ. ಟ್ರಾನ್ಸ್‌ಮಿಟರ್ ಆ ಲೈನಿನಿಂದ ಕ್ಷಣಕ್ಷಣಕ್ಕೂ ಚಿಕ್ಕ ಚಿಕ್ಕ ಮಿಡಿತಗಳಲ್ಲಿ ಕರೆಂಟ್ ಎಳೆಯುತ್ತದೆ. ಆ ಮಿಡಿತ ತಂತಿಯುದ್ದಕ್ಕೂ ಹಿಂದಕ್ಕೆ, ಎಂಸಿಬಿಯ ಮೂಲಕ, ಮೀಟರಿನತ್ತ ಹೋಗುತ್ತದೆ. ಶಾರ್ಟ್ ಸರ್ಕ್ಯೂಟ್ ಆದಾಗ ತಟ್ಟನೆ ಬೀಳಿಸಲೆಂದು ಪ್ರತಿ ಎಂಸಿಬಿಯ ಹೊಟ್ಟೆಯಲ್ಲೂ ತಾಮ್ರದ ಸುರುಳಿಯೊಂದಿರುತ್ತದೆ. ಮಿಡಿತ ಆ ಸುರುಳಿಯಲ್ಲಿ ಹಾದಾಗ ಅಲ್ಲಿ ಕಾಂತಕ್ಷೇತ್ರ ಒತ್ತಾಗುತ್ತದೆ, ರಿಸೀವರ್ ಅದನ್ನು ಹಿಡಿದು ಬೀಪ್ ಎನ್ನುತ್ತದೆ.

ಕೊಳ್ಳುವವರು ಟ್ರಾನ್ಸ್‌ಮಿಟರ್ ಬೆನ್ನಿನ ಮೇಲಿನ ಅಕ್ಷರಗಳನ್ನು ಓದಲೇಬೇಕು. ಅಮೆರಿಕದ ಮಾರುಕಟ್ಟೆಗೆಂದು ತಯಾರಾದ ಕೆಲವು ಮಾದರಿಗಳು 120 ವೋಲ್ಟ್‌ಗೆ ಮಾತ್ರ. ಪಿನ್ ಬದಲಿಸುವ ಅಡಾಪ್ಟರ್ ಹಾಕಿದರೆ ನಮ್ಮ ಸಾಕೆಟ್ಟಿನೊಳಗೆ ಅದು ಕೂರುತ್ತದೆ ನಿಜ, ಆದರೆ ಒಳಗಿರುವುದು 230 ವೋಲ್ಟ್. ಅಡಾಪ್ಟರ್ ಪಿನ್ನಿನ ಆಕಾರ ಬದಲಿಸುತ್ತದೆ, ವೋಲ್ಟೇಜನ್ನಲ್ಲ.

ಮೊದಲು ಮನೆಯ ನಕ್ಷೆ ಬರೆದೆ. ವಾಸ್ತುಶಿಲ್ಪಿಯ ನಕ್ಷೆಯೇನೂ ಬೇಕಿಲ್ಲ. ಕೋಣೆಗೊಂದು ಚೌಕ, ಪ್ರತಿ ಸ್ವಿಚ್ ಬೋರ್ಡಿಗೆ ಒಂದು ಸಂಖ್ಯೆ, ಅದರಲ್ಲಿರುವ 6 ಆಂಪ್ ಮತ್ತು 16 ಆಂಪ್ ಸಾಕೆಟ್ಟುಗಳು, ಆ ಬೋರ್ಡಿನಿಂದ ಉರಿಯುವ ದೀಪ, ಫ್ಯಾನು. ಡಿಬಿಯ ಕಡೆ ಎಂಸಿಬಿಗಳಿಗೆ ಆರ್1 ರಿಂದ ಆರ್4, ವೈ1 ರಿಂದ ವೈ4, ಬಿ1 ರಿಂದ ಬಿ4 ಎಂದು ಹೆಸರಿಟ್ಟು ಕೆಂಪು, ಹಳದಿ, ನೀಲಿ ಚೀಟಿ ಅಂಟಿಸಿದೆ. ಇಷ್ಟಾದ ಮೇಲೆಯೇ ಉಪಕರಣವನ್ನು ಪೆಟ್ಟಿಗೆಯಿಂದ ತೆಗೆದದ್ದು. ನಕ್ಷೆಯಿಲ್ಲದೆ ಹುಡುಕಲು ಹೊರಟರೆ ಸಿಕ್ಕ ಉತ್ತರಗಳೆಲ್ಲ ತಲೆಯಲ್ಲೇ ಕಲಸಿಹೋಗುತ್ತವೆ.

ರಿಸೀವರ್ ಆಡಿಸುವುದರಲ್ಲಿ ಒಂದು ಹದವಿದೆ. ಎಂಸಿಬಿಗಳ ಸಾಲಿನ ಮೇಲೆ ನಿಧಾನವಾಗಿ, ಒಂದೇ ವೇಗದಲ್ಲಿ, ಮುಖಕ್ಕೆ ತಾಗಿಸಿಕೊಂಡೇ ಜಾರಿಸಬೇಕು. ಮೊದಲ ಸುತ್ತಿನಲ್ಲಿ ಅದು ಐದಾರು ಕಡೆ ಕೂಗುತ್ತದೆ. ನಂಬಬಾರದು, ಆಗ ಅದು ಯಾವ ಕಡೆ ಎಷ್ಟು ಬಲವಿದೆ ಎಂದು ಅಳೆಯುತ್ತಿರುತ್ತದೆ, ಅಷ್ಟೆ. ಎರಡನೆಯ ಸುತ್ತಿನಲ್ಲಿ ಎಲ್ಲಕ್ಕಿಂತ ಬಲವಾದ ಕಡೆ ಮಾತ್ರ ಕೂಗುತ್ತದೆ. ರಿಸೀವರನ್ನು ಹಿಡಿಯುವ ಕೋನವೂ ಮುಖ್ಯ. ಅದರೊಳಗಿನ ಸುರುಳಿ ಎಂಸಿಬಿಯ ಸುರುಳಿಗೆ ಸರಿಯಾದ ದಿಕ್ಕಿನಲ್ಲಿಲ್ಲದಿದ್ದರೆ ಸರಿಯಾದ ಎಂಸಿಬಿಯ ಮೇಲೂ ಮೌನವಾಗಿರುತ್ತದೆ. ನಮ್ಮ ಬಾಕ್ಸಿನಲ್ಲಿ ಅಡ್ಡ ಹಿಡಿದಾಗ ಸ್ಪಷ್ಟವಾಗಿ ಹಿಡಿಯಿತು. ಆರ್‌ಸಿಸಿಬಿಯ ಮೇಲೆ ಇಟ್ಟರೂ ಕೂಗುತ್ತದೆ, ಏಕೆಂದರೆ ಮಿಡಿತ ಅದನ್ನು ದಾಟಿಯೇ ಮೀಟರಿಗೆ ಹೋಗಬೇಕು.

ಸಾಕೆಟ್ ಇಲ್ಲದ ದೀಪದ ಪಾಯಿಂಟುಗಳಿಗೆ ದೀಪಾವಳಿಯಲ್ಲಿ ಸೀರಿಯಲ್ ಸೆಟ್ಟಿಗೆ ಬಳಸುವ ಹೋಲ್ಡರ್ ಅಡಾಪ್ಟರ್ ಉಪಯೋಗಕ್ಕೆ ಬಂತು. ಬಲ್ಬ್ ತೆಗೆದು ಅದನ್ನು ಸಿಕ್ಕಿಸಿದರೆ ಎರಡು ಪಿನ್ನಿನ ಸಾಕೆಟ್ ಸಿಗುತ್ತದೆ. ನಮ್ಮ ಟ್ರಾನ್ಸ್‌ಮಿಟರಿಗೆ ಕರೆಂಟ್ ತರುವ ಫೇಸ್ ಮತ್ತು ಅದನ್ನು ವಾಪಸು ಒಯ್ಯುವ ನ್ಯೂಟ್ರಲ್ ಎರಡಿದ್ದರೆ ಸಾಕು, ಹಾಗಾಗಿ ವರಾಂಡದ ದೀಪದ ಲೈನೂ ಸಿಕ್ಕಿತು.

ಆದರೆ ಬೀಪ್ ಬಂದ ಕೂಡಲೇ ನಕ್ಷೆಯಲ್ಲಿ ಬರೆಯಲಿಲ್ಲ. ಪ್ರತಿಯೊಂದಕ್ಕೂ ಆ ಎಂಸಿಬಿಯನ್ನು ಆಫ್ ಮಾಡಿ ಟ್ರಾನ್ಸ್‌ಮಿಟರಿನ ದೀಪ ಆರಿತೇ ಎಂದು ನೋಡಿ, ಮತ್ತೆ ಆನ್ ಮಾಡಿ ಉರಿಯಿತೇ ಎಂದು ನೋಡಿ, ಆಮೇಲೆ ಬರೆದದ್ದು. ಉಪಕರಣ ಬೆರಳು ತೋರಿಸುತ್ತದೆ. ಸಾಕ್ಷಿ ಹೇಳುವುದು ಸ್ವಿಚ್ಚು. ಮಹಡಿಯ ಕೋಣೆಯಲ್ಲಿ ರಿಸೀವರ್ ಖಚಿತವಾಗಿ ವೈ1 ಎಂದಿತು. ವೈ1 ಆಫ್ ಮಾಡಿದೆ. ಟ್ರಾನ್ಸ್‌ಮಿಟರಿನ ದೀಪ ಒಮ್ಮೆ ಮಿಣುಕಿ, ಮತ್ತೆ ಉರಿಯತೊಡಗಿತು.

ಇದೇ ಯುಪಿಎಸ್‌ನ ಕತೆ. ಲೈನಿನಲ್ಲಿ ಕರೆಂಟ್ ಇರುವಾಗ ಮನೆಬಳಕೆಯ ಯುಪಿಎಸ್ ಅದನ್ನೇ ಒಳಗಿನ ರಿಲೇ ಮೂಲಕ ನೇರವಾಗಿ ಹೊರಕ್ಕೆ ಬಿಡುತ್ತದೆ, ಜೊತೆಗೆ ಬ್ಯಾಟರಿ ಚಾರ್ಜ್ ಮಾಡಿಕೊಳ್ಳುತ್ತದೆ. ಆದ್ದರಿಂದ ಟ್ರಾನ್ಸ್‌ಮಿಟರಿನ ಮಿಡಿತ ಯುಪಿಎಸ್ ದಾಟಿ ಅದಕ್ಕೆ ಕರೆಂಟ್ ಕೊಡುವ ವೈ1 ವರೆಗೂ ಬಂತು. ವೈ1 ಆಫ್ ಮಾಡಿದ ಕೂಡಲೇ ಯುಪಿಎಸ್‌ಗೆ ಕರೆಂಟ್ ಹೋಯಿತೆಂದು ತಿಳಿದು ರಿಲೇ ತಿರುಗಿತು, ಬ್ಯಾಟರಿಯಿಂದ 230 ವೋಲ್ಟ್ ಅದೇ ತಂತಿಗೆ ಬಂತು. ಅಂದರೆ ಮೆಟ್ಟಿಲ ಕೆಳಗೆ ಎಂಸಿಬಿ ಆಫ್ ಆಗಿ ಬಿದ್ದಿದ್ದರೂ ಮಹಡಿಯ ಫ್ಯಾನಿನ ಡಬ್ಬದೊಳಗೆ ಪ್ರಾಣ ತೆಗೆಯುವಷ್ಟು ಕರೆಂಟ್ ಇದೆ. ಮೇನ್ ಸ್ವಿಚ್ಚನ್ನೇ ಆಫ್ ಮಾಡಿದರೂ ಇದು ತಪ್ಪುವುದಿಲ್ಲ. ಫ್ಯಾನ್ ಬಿಚ್ಚುವವರು, ಗೋಡೆ ಕೊರೆಯುವವರು, ಮಕ್ಕಳಿರುವ ಮನೆಯವರು ದಯವಿಟ್ಟು ಇದನ್ನು ನೆನಪಿಡಬೇಕು: ಯುಪಿಎಸ್‌ನ ಲೈನಿನಲ್ಲಿ ಕೆಲಸ ಮಾಡುವಾಗ ಎಂಸಿಬಿಯನ್ನೂ ಆಫ್ ಮಾಡಬೇಕು, ಯುಪಿಎಸ್‌ನ ಸ್ವಿಚ್ಚನ್ನೂ ಆಫ್ ಮಾಡಬೇಕು, ಆಮೇಲೆ ಟೆಸ್ಟ್ ಲ್ಯಾಂಪ್ ಹಿಡಿದು ನೋಡಬೇಕು. ವೈ1 ರ ಮುಂದೆ ಕೆಂಪು ಶಾಯಿಯಲ್ಲಿ ಇದನ್ನೇ ಬರೆದು ಅಂಟಿಸಿದ್ದೇನೆ. ಯುಪಿಎಸ್‌ನಿಂದ ಹೋಗುವ ಬೋರ್ಡುಗಳ ಮೂಲೆಯಲ್ಲೂ ಒಂದೊಂದು ಹಸಿರು ಚುಕ್ಕಿ ಇದೆ.

ಟೆಸ್ಟ್ ಲ್ಯಾಂಪ್ ಎಂದು ಒತ್ತಿ ಹೇಳಲು ಕಾರಣವಿದೆ. ಡಿಜಿಟಲ್ ಮಲ್ಟಿಮೀಟರು ಬಹಳ ಸೂಕ್ಷ್ಮ. ಎಲ್ಲಿಗೂ ಸೇರದೆ ತೂಗಾಡುತ್ತಿರುವ ತಂತಿ ಪಕ್ಕದ ಲೈವ್ ತಂತಿಯ ಜೊತೆ ಒಂದೇ ಪೈಪಿನಲ್ಲಿದ್ದರೆ ಅದರಲ್ಲಿ 60, 80 ವೋಲ್ಟ್ ತೋರಿಸಿ ಗಾಬರಿ ಹುಟ್ಟಿಸುತ್ತದೆ. ಮುಟ್ಟದೆ ಪರೀಕ್ಷಿಸುವ ಪೆನ್ ಟೆಸ್ಟರೂ ಹಾಗೆಯೇ ಕೂಗುತ್ತದೆ. ಬಲ್ಬ್ ಹಚ್ಚಿದರೆ ಆ ಹುಸಿ ವೋಲ್ಟೇಜ್ ನಿಲ್ಲುವುದಿಲ್ಲ. ಟೆಸ್ಟ್ ಲ್ಯಾಂಪನ್ನು ಕೂಡ ಮೊದಲು ಕರೆಂಟ್ ಇರುವ ಸಾಕೆಟ್ಟಿನಲ್ಲಿ ಉರಿಸಿ ನೋಡಬೇಕು, ಆಮೇಲೆ ಕೆಲಸದ ಜಾಗದಲ್ಲಿ, ಮತ್ತೆ ಕರೆಂಟ್ ಇರುವಲ್ಲಿ. ನಡುವೆ ಬಲ್ಬಿನ ಎಳೆ ಹೋಗಿದ್ದರೆ ಆರಿದ ದೀಪವನ್ನು ನಂಬಿ ಕೈಯಿಡುವ ಅಪಾಯ ಇದರಿಂದ ತಪ್ಪುತ್ತದೆ.

ಬೆಳಗಿನ ಟ್ರಿಪ್ಪಿನ ಗುಟ್ಟು ನಕ್ಷೆ ಅರ್ಧ ತುಂಬುವಷ್ಟರಲ್ಲೇ ಬಿಚ್ಚಿಕೊಂಡಿತು. ಮಹಡಿಯ ಗೀಸರಿನ ಸಾಕೆಟ್ ಬಿ1. ಹಿತ್ತಲಿನ ವಾಷಿಂಗ್ ಮೆಷಿನ್ನಿನ ಸಾಕೆಟ್ಟೂ ಬಿ1. ಎರಡಕ್ಕೂ ಸೇರಿ ಒಂದೇ 16 ಆಂಪ್‌ನ ಎಂಸಿಬಿ. ಗೀಸರ್ 3 ಕಿಲೋವ್ಯಾಟ್, ಅಂದರೆ ಸುಮಾರು 13 ಆಂಪ್. ವಾಷಿಂಗ್ ಮೆಷಿನ್ ಬಿಸಿನೀರಿನಲ್ಲಿ ಒಗೆಯುವಾಗ ಅದರ 2 ಕಿಲೋವ್ಯಾಟ್ ಹೀಟರ್ ಸುಮಾರು 8.7 ಆಂಪ್ ಎಳೆಯುತ್ತದೆ. ಒಟ್ಟು 21.7 ಆಂಪ್, ಎಂಸಿಬಿಯ ಅಳತೆಯ 1.36 ಪಟ್ಟು. ಎಂಸಿಬಿಯ ಮಾನದಂಡದ ಪ್ರಕಾರ 1.13 ಪಟ್ಟಿಗೆ ಅದು ಒಂದು ಗಂಟೆಯೊಳಗೆ ಬೀಳಬಾರದು, 1.45 ಪಟ್ಟಿಗೆ ಒಂದು ಗಂಟೆಯೊಳಗೆ ಬೀಳಲೇಬೇಕು. ನಮ್ಮದು ಇವೆರಡರ ನಡುವೆ. ಒಳಗಿನ ಲೋಹದ ಪಟ್ಟಿ ಕಾದು ಬಾಗುವಷ್ಟು ಹೊತ್ತು ಎರಡೂ ಒಟ್ಟಿಗೆ ನಡೆದರೆ ಬೀಳುತ್ತದೆ, ಅಷ್ಟರೊಳಗೆ ಗೀಸರ್ ಆರಿದರೆ ಉಳಿಯುತ್ತದೆ. ಅಮ್ಮ ಹಾಸಿಗೆಯ ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆಯಲು ಹಾಕಿದ ಬೆಳಿಗ್ಗೆಗಳಲ್ಲಿ ಮಾತ್ರ ಹೀಗಾಗುತ್ತಿತ್ತು ಎಂಬುದು ಕೇಳಿದ ಮೇಲೆ ತಿಳಿಯಿತು. ಇದಕ್ಕೆ 25 ಆಂಪ್‌ನ ಎಂಸಿಬಿ ಹಾಕಿಬಿಡುವುದು ಸುಲಭದ ದಾರಿ ಮತ್ತು ತಪ್ಪು ದಾರಿ: ಎಂಸಿಬಿ ಕಾಯುವುದು ಗೋಡೆಯೊಳಗಿನ ತಂತಿಯನ್ನು. ಖಾಲಿ ಬಿದ್ದಿದ್ದ ಆರ್4 ರಿಂದ ವಾಷಿಂಗ್ ಮೆಷಿನ್ನಿಗೆ 4 ಚದರ ಮಿಲಿಮೀಟರಿನ ಹೊಸ ಲೈನ್ ಎಳೆಸಿದೆವು.

ಮಳೆಯ ಟ್ರಿಪ್ಪಿಗೆ ಇಷ್ಟು ಸುಲಭದ ಉತ್ತರ ಸಿಗಲಿಲ್ಲ. ಅನುಮಾನವೆಲ್ಲ ಗೇಟಿನ ದೀಪದ ಮೇಲೆ. ಅದರ ಲೈನ್ ಬಿ3 ಎಂದು ಪತ್ತೆ ಮಾಡಿದ್ದೆ. ಮಳೆ ಬೀಳುತ್ತಿದ್ದ ಸಂಜೆ ಬಿ3 ಆಫ್ ಮಾಡಿಯೂ ಆರ್‌ಸಿಸಿಬಿ ಆನ್ ಆಗಿ ನಿಲ್ಲಲಿಲ್ಲ, ಬಿತ್ತು. ಹನ್ನೆರಡನ್ನೂ ಆಫ್ ಮಾಡಿದರೆ ನಿಲ್ಲುತ್ತದೆ, ಒಂದೊಂದಾಗಿ ಆನ್ ಮಾಡುತ್ತ ಹೋದರೆ ಅಡುಗೆಮನೆಗೆ ಬಂದಾಗ ಬೀಳುತ್ತದೆ. ಕ್ರಮ ಬದಲಿಸಿ ನೋಡಿದರೆ ಬೇರೆಲ್ಲೋ ಬೀಳುತ್ತದೆ. ಹೀಗೆ ದಿಕ್ಕು ತಪ್ಪಿಸುವ ಟ್ರಿಪ್ ಕಂಡರೆ ನ್ಯೂಟ್ರಲ್ ಮೇಲೆ ಕಣ್ಣಿಡಬೇಕು ಎಂದರು ವೈರ್‌ಮನ್. "ಎಂಸಿಬಿ ಕಡಿಯುವುದು ಫೇಸ್ ಒಂದನ್ನೇ ಸರ್. ನ್ಯೂಟ್ರಲ್ ಬಾರಿನಲ್ಲಿ ಎಲ್ಲವೂ ಕೂಡಿಯೇ ಇರುತ್ತವೆ. ಒಂದು ನ್ಯೂಟ್ರಲ್ ನೆಲ ಮುಟ್ಟಿದ್ದರೆ, ಇನ್ನೆಲ್ಲೋ ಲೋಡ್ ಹಾಕಿದಾಗ ಅದರ ವಾಪಸು ಕರೆಂಟ್ ಇಲ್ಲಿಂದ ಸೋರುತ್ತದೆ."

ಅವರ ಮಾತು ಲೆಕ್ಕಕ್ಕೆ ಸರಿಹೊಂದುತ್ತದೆ. ಫೇಸ್ ತಂತಿಯಿಂದ 30 ಮಿಲಿಆಂಪ್ ಸೋರಬೇಕಾದರೆ ನೆಲಕ್ಕೆ ಸುಮಾರು 7,700 ಓಮ್‌ನಷ್ಟು ದಾರಿ ಸಾಕು. ನ್ಯೂಟ್ರಲ್ಲಿನಲ್ಲಿ ಇರುವುದು ಕೆಲವೇ ವೋಲ್ಟ್. ಆದ್ದರಿಂದ ಅಲ್ಲಿ ಸೋರಿಕೆ ಕಾಣಬೇಕಾದರೆ ಸಂಪರ್ಕ ಇನ್ನೂ ಗಟ್ಟಿಯಾಗಿರಬೇಕು, ಮತ್ತು ಮನೆಯ ಲೋಡ್ ಹೆಚ್ಚಿದಷ್ಟೂ ಅದು ಹೆಚ್ಚುತ್ತದೆ. ಇಂಡಕ್ಷನ್ ಒಲೆ ಹಚ್ಚಿದಾಗ ಬೀಳುತ್ತಿದ್ದದ್ದು ಒಲೆಯ ತಪ್ಪಲ್ಲ.

ಮೇನ್ ಮತ್ತು ಯುಪಿಎಸ್ ಎರಡೂ ಆಫ್. ವೈರ್‌ಮನ್ ಕವರ್ ತೆಗೆದು, ನ್ಯೂಟ್ರಲ್ ಬಾರಿನಿಂದ ತಂತಿಗಳನ್ನು ಒಂದೊಂದಾಗಿ ಬಿಡಿಸಿ, ಚೀಟಿ ಕಟ್ಟಿ, ಪ್ರತಿಯೊಂದನ್ನೂ ಅರ್ಥಿಂಗ್‌ಗೆ ಎದುರಾಗಿ ತಂತಿಯ ಹೊದಿಕೆ ಎಷ್ಟು ಗಟ್ಟಿಯಿದೆ ಎಂದು ಓಮ್‌ಗಳಲ್ಲಿ ಹೇಳುವ 500 ವೋಲ್ಟ್‌ನ ಮೆಗ್ಗರ್‌ನಿಂದ ಅಳೆದರು. ಅಳೆಯುವ ಮುನ್ನ ಆ ಲೈನುಗಳ ಬಲ್ಬು, ಟಿವಿ, ಫ್ರಿಜ್ ಎಲ್ಲವನ್ನೂ ಕಳಚಿಟ್ಟಿದ್ದೆವು. ಆ ವೋಲ್ಟೇಜು ಎಲೆಕ್ಟ್ರಾನಿಕ್ ಸಾಮಾನುಗಳನ್ನು ಕೆಡಿಸಬಲ್ಲದು. ಕನಿಷ್ಠ 1 ಮೆಗಾಓಮ್ ಇರಬೇಕು. ಒಳಗಿನ ಲೈನುಗಳೆಲ್ಲ ಅದಕ್ಕಿಂತ ಎಷ್ಟೋ ಮೇಲಿದ್ದವು. ಬಿ3 ರ ನ್ಯೂಟ್ರಲ್‌ಗೆ ಬಂದಾಗ ಮುಳ್ಳು ಸೊನ್ನೆಯ ಪಕ್ಕದಿಂದ ಏಳಲೇ ಇಲ್ಲ.

ಗೇಟಿನ ದೀಪ ಹೌದು. ಆದರೆ ವರಾಂಡದಿಂದ ಗೇಟಿಗೆ ತಂತಿ ಹೋಗಿರುವುದು ನೆಲದಡಿ, ಅದರ ಮೇಲೆ ಇಂಟರ್‌ಲಾಕ್ ಟೈಲ್ಸ್. ಯಾವ ದಾರಿಯಲ್ಲಿ ಹೋಗಿದೆ ಎಂಬುದನ್ನು ಬಲ್ಲವರು ಯಾರೂ ಇರಲಿಲ್ಲ. ಇಲ್ಲಿ ಟೋನ್ ಜನರೇಟರ್ ಕೆಲಸಕ್ಕೆ ಬಂತು. ಇದು ಮೊದಲಿನ ಉಪಕರಣದಂತಲ್ಲ. ಕರೆಂಟ್ ಇಲ್ಲದ, ಎರಡೂ ತುದಿ ಬಿಡಿಸಿದ ತಂತಿಗೆ ಮಾತ್ರ ಕಟ್ಟಬೇಕು. ಲೈವ್ ತಂತಿಗೆ ಕಟ್ಟಿದರೆ ಸುಟ್ಟುಹೋಗುತ್ತದೆ, ಕಟ್ಟಿದವರಿಗೂ ಅಪಾಯ. ಒಂದು ಕ್ಲಿಪ್ಪನ್ನು ವರಾಂಡದ ತುದಿಯ ನ್ಯೂಟ್ರಲ್ ತಂತಿಗೆ ಹಾಕಿದೆವು. ಇನ್ನೊಂದನ್ನು ಅದೇ ಪೈಪಿನಲ್ಲಿರುವ ಫೇಸ್ ತಂತಿಗೆ ಹಾಕಬಾರದು. ಹೋಗುವ ಸದ್ದು, ಬರುವ ಸದ್ದು ಅಕ್ಕಪಕ್ಕದಲ್ಲೇ ಇದ್ದು ಒಂದನ್ನೊಂದು ನುಂಗಿಬಿಡುತ್ತವೆ, ಪ್ರೋಬಿಗೆ ಏನೂ ಕೇಳುವುದಿಲ್ಲ. ದೂರದಲ್ಲಿ ಮಣ್ಣಿಗೆ ಕಬ್ಬಿಣದ ಸರಳೊಂದನ್ನು ಹೊಡೆದು ಅದಕ್ಕೆ ಹಾಕಿದ ಮೇಲೆ ಟೈಲ್ಸ್ ಮೇಲಿನಿಂದಲೇ ಸದ್ದು ತೇಲಿ ಬಂತು.

ಪ್ರೋಬನ್ನು ನೆಲದ ಮೇಲೆ ಅಡ್ಡಡ್ಡಲಾಗಿ ಆಡಿಸುತ್ತ, ಸದ್ದು ಏರಿ ಇಳಿಯುವ ನಡುವಿನ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕುತ್ತ ಹೋದೆ. ನೇರವಾಗಿ ಗೇಟಿಗೆ ಹೋಗಬಹುದೆಂದು ನಾವೆಲ್ಲ ಅಂದುಕೊಂಡಿದ್ದ ತಂತಿ ಎಡಕ್ಕೆ ತಿರುಗಿತು. ಸಂಪಿನ ಬದಿಯನ್ನು ಬಳಸಿ, ದಾಸವಾಳದ ಗಿಡದ ಬುಡಕ್ಕೆ ಬಂದು, ಅಲ್ಲಿಂದ ಕಾಂಪೌಂಡ್ ಗೋಡೆಯ ಅಂಚು ಹಿಡಿದು ಗೇಟು ಸೇರಿತ್ತು. ದಾಸವಾಳದವರೆಗೆ ಗಟ್ಟಿಯಾಗಿದ್ದ ಸದ್ದು ಅದನ್ನು ದಾಟುತ್ತಲೇ ಸಣ್ಣಗಾಯಿತು. ತಂತಿ ನೆಲ ಮುಟ್ಟಿದ ಕಡೆ ಸದ್ದು ಮಣ್ಣಿಗೆ ಸೋರಿ ಮುಂದೆ ಸಣ್ಣಗಾಗುತ್ತದೆ. ಸದ್ದು ತಗ್ಗಲು ತಂತಿ ಆಳಕ್ಕೆ ಇಳಿದಿರುವುದೂ ಕಾರಣವಾಗಬಹುದು. ಆದರೂ ಅಗೆಯಲು ಇದಕ್ಕಿಂತ ಒಳ್ಳೆಯ ಜಾಗ ಬೇರೆ ಇರಲಿಲ್ಲ.

ಒಂದೂವರೆ ಅಡಿ ಅಗೆದಾಗ ಪೈಪು ಸಿಕ್ಕಿತು. ಬೇರು ಅದನ್ನು ಒತ್ತಿ ಜೋಡಣೆಯನ್ನು ಬಿಡಿಸಿತ್ತು. ಒಳಗೆ, ತಂತಿ ಸಾಲದೆ ಯಾರೋ ಹಾಕಿದ ಕೂಡಿಕೆ: ಹಿಂದೆ ತಿರುವಿ, ಇನ್ಸುಲೇಷನ್ ಟೇಪ್ ಸುತ್ತಿ, ಮಣ್ಣಿಗೆ ಬಿಟ್ಟದ್ದು. ಟೇಪು ಅಂಟು ಬಿಟ್ಟು ಒದ್ದೆ ಬಾಳೆಯ ಪಟ್ಟೆಯಂತೆ ಕೈಗೆ ಬಂತು. ಕಪ್ಪು ನ್ಯೂಟ್ರಲ್ ತಂತಿಯ ತಾಮ್ರ ಹಸಿರುಗಟ್ಟಿ, ಮುಟ್ಟಿದರೆ ಪುಡಿಯಾಗುವ ಹಾಗಿತ್ತು. ಪಕ್ಕದ ನೀಲಿ ಫೇಸ್ ತಂತಿಯ ಟೇಪು ಇನ್ನೂ ಹಿಡಿದುಕೊಂಡಿತ್ತು, ಆದರೆ ಅದರ ಅಂಚಿನಲ್ಲೂ ಹಸಿರು ಕಾಣತೊಡಗಿತ್ತು. ಅಮ್ಮ ಪ್ರತಿದಿನ ಬೆಳಿಗ್ಗೆ ಬರಿಗಾಲಿನಲ್ಲಿ ನಿಂತು ಹೂವು ಕೊಯ್ಯುವುದು ಇದೇ ಗಿಡದಲ್ಲಿ. "ಇನ್ನೊಂದು ಮಳೆಗಾಲ ಬಿಟ್ಟಿದ್ದರೆ ಫೇಸೂ ಬಿಚ್ಚಿಕೊಳ್ಳುತ್ತಿತ್ತಮ್ಮಾ" ಎಂದು ವೈರ್‌ಮನ್ ಅವರಿಗೆ ತೋರಿಸಿದರು. ಅಮ್ಮ ಆ ತುಂಡನ್ನು ಕೈಯಲ್ಲಿ ಹಿಡಿದು ನೋಡಿ, ಆರ್‌ಸಿಸಿಬಿ ತೆಗೆಸೋಣ ಎನ್ನುತ್ತಿದ್ದ ಚಿಕ್ಕಪ್ಪನಿಗೂ ತೋರಿಸಬೇಕೆಂದು ಎತ್ತಿಟ್ಟರು.

ಹಳೆಯ ತಂತಿಗೆ ಮತ್ತೆ ಕೂಡಿಕೆ ಹಾಕಲಿಲ್ಲ. ವರಾಂಡದಿಂದ ಗೇಟಿನವರೆಗೆ ನಡುವೆ ಎಲ್ಲೂ ತುಂಡಿಲ್ಲದ, ಲೋಹದ ಕವಚವಿರುವ ಆರ್ಮರ್ಡ್ ಕೇಬಲ್ಲನ್ನು ಬೇರೆ ದಾರಿಯಲ್ಲಿ, ಗೋಡೆಯ ಗುಂಟ ಹಾಕಿಸಿದೆವು. ಕೇಬಲ್ಲಿನ ದಾರಿಯನ್ನು ಗೋಡೆಯಿಂದ ಎಷ್ಟು ದೂರ, ಎಷ್ಟು ಆಳ ಎಂಬ ಅಳತೆಯ ಸಮೇತ ನಕ್ಷೆಗೆ ಸೇರಿಸಿದ್ದೇನೆ. ಆಮೇಲೆ ಬಂದ ಮಳೆಗೆ ಆರ್‌ಸಿಸಿಬಿ ಅಲುಗಲಿಲ್ಲ. ಅದು ಸುಮ್ಮನಿದೆ ಎಂದ ಮಾತ್ರಕ್ಕೆ ಸರಿಯಿದೆ ಎಂದಾಗುವುದಿಲ್ಲವಾದ್ದರಿಂದ ಆಗಾಗ ಅದರ ಟೆಸ್ಟ್ ಗುಂಡಿ ಒತ್ತಿ ನೋಡುತ್ತೇನೆ.

ಕವರ್ ತೆಗೆದಿದ್ದಾಗಲೇ ಇನ್ನೊಂದನ್ನು ಪರೀಕ್ಷಿಸಿದೆವು. ಪ್ರತಿ ಲೈನಿನ ಎಂಸಿಬಿ ಆಫ್ ಮಾಡಿ, ಉಳಿದವನ್ನು ಆನ್ ಇಟ್ಟು, ಆ ಲೈನಿನ ನ್ಯೂಟ್ರಲ್ ತಂತಿಗೆ ಕ್ಲ್ಯಾಂಪ್ ಮೀಟರ್ ಹಾಕುವುದು. ಫೇಸ್ ಆಫ್ ಆಗಿದ್ದರೆ ನ್ಯೂಟ್ರಲ್ಲಿನಲ್ಲಿ ಏನೂ ಹರಿಯಬಾರದು. ಮಹಡಿಯ ದೀಪಗಳ ವೈ3 ರಲ್ಲಿ ಹರಿಯುತ್ತಿತ್ತು. ಕಾರಣ ಮೆಟ್ಟಿಲ ದೀಪ. ಕೆಳಗೊಂದು ಮೇಲೊಂದು ಟೂ ವೇ ಸ್ವಿಚ್ ಇರುವ ಈ ದೀಪಕ್ಕೆ ಫೇಸನ್ನು ಕೆಳಮನೆಯ ಆರ್3 ರಿಂದ ತಂದು, ನ್ಯೂಟ್ರಲ್ಲನ್ನು ಹತ್ತಿರ ಸಿಕ್ಕಿತೆಂದು ಮಹಡಿಯ ಲೈನಿನಿಂದ ಕೊಟ್ಟಿದ್ದಾರೆ. 9 ವ್ಯಾಟಿನ ಎಲ್‌ಇಡಿ ಬಲ್ಬ್ ಇದ್ದಾಗ ಮೀಟರಿನ ಅಂಕಿ ಅನುಮಾನಕ್ಕೆ ಎಡೆ ಕೊಡುವಷ್ಟು ಸಣ್ಣದಿತ್ತು. ಆ ಜಾಗದಲ್ಲಿ 60 ವ್ಯಾಟಿನ ಹಳೆಯ ಬಲ್ಬ್ ಹಾಕಿ ಉರಿಸಿದಾಗ 0.26 ಆಂಪ್ ಎಂದು ನಿಂತಿತು. ವೈ3 ಆಫ್ ಮಾಡಿ, ಸತ್ತ ಲೈನು ಎಂದುಕೊಂಡು ಮಹಡಿಯ ಬೋರ್ಡಿನಲ್ಲಿ ನ್ಯೂಟ್ರಲ್ ಕೂಡಿಕೆ ಬಿಚ್ಚಿದವರ ಕೈಗೆ ಆರ್3 ರ ಕರೆಂಟ್ ಬಲ್ಬಿನ ಮೂಲಕ ಬರುತ್ತಿತ್ತು. ಕರೆಂಟ್ ಇದೆಯೇ ಎಂದು ಫೇಸ್ ತಂತಿಯನ್ನಷ್ಟೇ ನೋಡುವವರಿಗೆ ಇದು ಕಾಣುವುದೇ ಇಲ್ಲ.

ನಕ್ಷೆಯ ಒಂದು ಪ್ರತಿ ಡಿಬಿ ಬಾಗಿಲಿನ ಒಳಮುಖಕ್ಕೆ ಅಂಟಿದೆ, ಇನ್ನೊಂದು ಮನೆಯ ಕಾಗದಪತ್ರಗಳ ಜೊತೆ ಇದೆ. ತಿದ್ದಲು ಅನುಕೂಲವಾಗಲೆಂದು ದಿನಾಂಕ ಬರೆದು ಪಕ್ಕದಲ್ಲಿ ಜಾಗ ಬಿಟ್ಟಿದ್ದೇನೆ. ಮೆಟ್ಟಿಲ ದೀಪಕ್ಕೆ ಆರ್3 ರ ನ್ಯೂಟ್ರಲ್ಲನ್ನೇ ಎಳೆಯಲು ಹಾಲ್‌ನ ಗೋಡೆಯ ಪೈಪಿನಲ್ಲಿ ಜಾಗವಿದೆ. ಬಣ್ಣ ಬಳಿಸುವ ಮುನ್ನ ಅದನ್ನು ಮುಗಿಸಬೇಕು. ಅದಾದ ಮೇಲೆಯೇ ಮನೆಗೆಲ್ಲ ಒಂದೇ ಇರುವ ಆರ್‌ಸಿಸಿಬಿಯ ಬದಲು ಫೇಸಿಗೊಂದು ಹಾಕಿಸಲು ಸಾಧ್ಯ. ಎರವಲು ನ್ಯೂಟ್ರಲ್ ಇಟ್ಟುಕೊಂಡೇ ಹಾಗೆ ಮಾಡಿದರೆ ಮೆಟ್ಟಿಲ ದೀಪ ಹಚ್ಚಿದ ಕೂಡಲೇ ಎರಡು ಆರ್‌ಸಿಸಿಬಿಗಳ ಲೆಕ್ಕವೂ ತಪ್ಪಿ ಟ್ರಿಪ್ ಆಗುತ್ತದೆ. ಅಲ್ಲಿಯವರೆಗೆ ನಕ್ಷೆಯಲ್ಲಿ ವೈ3 ರ ಮುಂದೆ 'ಆರ್3 ಕೂಡ ಆಫ್ ಮಾಡಿ' ಎಂದು ಬರೆದಿದೆ.